ಬಾಕಿ

ಇಪ್ಪತ್ತೊಂಬತ್ತು ವರ್ಷ ಮೀಟರ್ ಓದಿದವನು ನಾನು.
ಮನೆಯವರ ಹೆಸರು ಗೊತ್ತಿರಲಿಲ್ಲ, ಆರ್.ಆರ್. ನಂಬರ್ ಗೊತ್ತಿತ್ತು,
ನಾಯಿಯ ಹೆಸರು ಗೊತ್ತಿತ್ತು,
ಮೀಟರ್ ಡಬ್ಬಿಗೆ ಅಡ್ಡವಾಗಿ ಯಾವ ಮರ ನಿಂತಿದೆ, ಗೊತ್ತಿತ್ತು:
ಎಂಟನೇ ಕ್ರಾಸಿನ ಚಕ್ಕೋತ, ಮೂಲೆಮನೆಯ ಬೆಣ್ಣೆಹಣ್ಣು,
ವಠಾರದ ಹಿಂದೆ, ಸಂಪಿನ ಮೇಲೆ ಬಾಗಿ
ಯಾರೂ ಕೇಳದ ಕಮರಾಕ್ಷಿ.

ಮನೆಗೆ ಬೀಗವಿದ್ದರೆ ‘ಡೋರ್ ಲಾಕ್’ ಒತ್ತಿ
ಸರಾಸರಿ ಬಿಲ್ಲು ಹರಿದು ಗೇಟಿಗೆ ಸಿಕ್ಕಿಸಿ ಬರುತ್ತಿದ್ದೆ.
ಮರ ಮಾತ್ರ ಯಾವ ತಿಂಗಳೂ
ಸರಾಸರಿ ಬಿಟ್ಟದ್ದು ನಾ ಕಾಣೆ.

ಈಗ ಭಾನುವಾರ ಆರೂವರೆಗೆ ನಾವು ಐವರು,
ಸೆಲ್ವನ ಲಗೇಜ್ ಆಟೋ, ಎರಡು ದೋಟಿ,
ಹೂವಿನ ಚಿತ್ರ ಮಾಸಿದ ಒಂದು ಡಬಲ್ ಬೆಡ್‌ಶೀಟು.
ಮುನಿಯಲ್ಲಪ್ಪ ಮರದ ಬುಡದಲ್ಲಿ ಚಪ್ಪಲಿ ಬಿಡುತ್ತಾನೆ.
ಭಕ್ತಿಯೇನಯ್ಯ ಅಂದರೆ
“ಕಾಲು ಜಾರ್ತದೆ ಸಾ” ಅನ್ನುತ್ತಾನೆ, ಅಷ್ಟೇ.

ಬೆಲ್ ಒತ್ತುವುದು ಫಿಲೋಮಿನಾ ಟೀಚರ್ ಕೆಲಸ.
ನಮ್ಮನ್ನು ಕಂಡು ಕೆಲವರು ಚಂದಾ ಅಂದುಕೊಳ್ಳುತ್ತಾರೆ, ಕೆಲವರು ಓಟು.
“ನಿಮ್ಮ ನೇರಳೆ ಬಿಡಿಸ್ಕೊಳ್ಳಬಹುದಾ?”
ನೈಟಿಯ ಮೇಲೆ ಟವೆಲ್ ಹೊದ್ದ ಹೆಂಗಸು
ಮೊದಲ ಸಲ ಎಂಬಂತೆ ತಲೆಯೆತ್ತಿ ನೋಡಿದಳು.
“ಅದು ನೇರಳೆನಾ? ಕಾರೆಲ್ಲ ಕಲೆ ಅಂತ
ಕಡಿಸೋಣ ಅಂತಿದ್ವಿ.”

ಬೆಡ್‌ಶೀಟಿಗೆ ನಾಲ್ಕು ಮೂಲೆ, ನನ್ನದು ಚರಂಡಿ ಕಡೆಯದು.
ಕೊಂಬೆ ಅಲ್ಲಾಡಿತು:
ಮೊದಲು ಇರುವೆ, ಆಮೇಲೆ ತರಗೆಲೆ, ಒಂದು ಶಟಲ್ ಕಾಕ್,
ಆಮೇಲೆ ನೇರಳೆ
ದಡದಡ, ಹಿಡಿ ಹಿಡಿ ಅನ್ನುವಷ್ಟರಲ್ಲಿ
ಬಟ್ಟೆ ಜೋತು ಹೆಬ್ಬೆರಳು ಕಿತ್ತು ಬರುವ ಭಾರ.
ತಸ್ಮಿಯಾಳ ಮಗ ನಾಲಿಗೆ ಚಾಚಿ ತೋರಿಸಿದ,
ಎಲ್ಲರೂ ತೋರಿಸಬೇಕಾಯಿತು. ಟೀಚರೂ.

ತುದಿಯ ಹಣ್ಣು ಬಾವಲಿಯ ಪಾಲು.
ನಿಯಮವೇನಲ್ಲ,
ನಮ್ಮ ದೋಟಿಯೇ ಅಷ್ಟುದ್ದ.

ಬೀದಿ ಗುಡಿಸುತ್ತಿದ್ದ ಓಬುಳಮ್ಮನಿಗೆ ಒಂದು ಬೊಗಸೆ ಕೊಟ್ಟೆವು.
“ಇದರ ಕಲೆ ಉಜ್ಜಿ ಉಜ್ಜಿ ಮೂರು ಪೊರಕೆ ಸವೀತು ನಂದು”
ಎನ್ನುತ್ತ ಬಾಯಿಗೆ ಹಾಕಿದಳು,
ಬೀಜ ರಸ್ತೆಗೆ ಉಗುಳಿದಳು,
ಮರುಗಳಿಗೆ ತಾನೇ ಬಗ್ಗಿ ಹೆಕ್ಕಿದಳು.

ಹನ್ನೊಂದಕ್ಕೆ ಹಲಸು. ಬೀಗ ಹಾಕಿದ ಮನೆ.
ಕಾವಲಿನ ಬಿರೇನ್, ಅಸ್ಸಾಮಿನವನು, ಓನರಿಗೆ ಫೋನು ಹಚ್ಚಿದ.
“ತಗೊಂಡ್ ಹೋಗ್ಲಿ, ವಾಸನೆ ತಪ್ಪುತ್ತೆ” ಎಂದಿತು ಸ್ಪೀಕರ್.
ಬಿರೇನ್ ಒಂದು ಎಳೆಗಾಯಿಯನ್ನು ಮಗುವಿನಂತೆ ಎತ್ತಿಕೊಂಡು
“ಕೊಠಾಲ್” ಎಂದ. ನಾವು “ಹಲಸು” ಎಂದೆವು.
ಅದನ್ನು ಅವನು ಕೆಳಗಿಡಲಿಲ್ಲ. ನಾವೂ ಕೇಳಲಿಲ್ಲ.

ತೊಟ್ಟು ಕೊಯ್ದರೆ ಹಾಲು, ನೂಲು ನೂಲಾಗಿ,
ನಿಲ್ಲುವ ಮಾತೇ ಇಲ್ಲ.
ಕೊಬ್ಬರಿ ಎಣ್ಣೆ ಸವರಿದ್ದರೂ ನನ್ನ ಬೆರಳಿಗೆ ಬೆರಳು ಕಚ್ಚಿತು.
ಮುನಿಯಲ್ಲಪ್ಪ ಆ ಮೇಣವನ್ನು ಕಡ್ಡಿಗೆ ಸುತ್ತಿ ಸುತ್ತಿ
ನೆಲ್ಲಿಕಾಯಿ ಗಾತ್ರ ಮಾಡಿ ಜೇಬಿಗಿಟ್ಟ.
“ಬಿಂದಿಗೆ ತೂತಿಗೆ ಸಾ. ನಮ್ಮಮ್ಮ ದೀಪಕ್ಕೆ ಹಿಡಿದು ಮೆತ್ತೋಳು.
ತೂತು ಹೋಯ್ತಿತ್ತು, ಗುರುತು ಇರ್ತಿತ್ತು.”

ಕಾಂಡದ ಮೇಲೆ ಹಳದಿ ಬಣ್ಣದ ಹೊಸ ನಂಬರು: ೧೧೭.
ಎಣಿಕೆಗೋ ಗರಗಸಕ್ಕೋ, ಬಿರೇನನಿಗೆ ತಿಳಿಯದು.
ನನ್ನದು ಹಳೆ ಚಾಳಿ, ನಂಬರು ಕಂಡರೆ ನಿಲ್ಲುವುದು.
ಹಿಂದಿನ ರೀಡಿಂಗ್: ಇಲ್ಲ.
ಈಗಿನ ರೀಡಿಂಗ್: ಇಪ್ಪತ್ಮೂರು ಕಾಯಿ, ಎರಡು ಕೊಳೆತದ್ದು,
ಬುಡದಲ್ಲಿ ಮೂರು ಸಸಿ,
ಒಂದಕ್ಕೆ ಇನ್ನೂ ಬೀಜದ ಟೋಪಿ.

ಹೆರಿಗೆ ಆಸ್ಪತ್ರೆಯ ಹೊರಗೆ ಚಾಪೆ ಹಾಸಿದವರ ನಡುವೆ
ಸೆಲ್ವ ಆಟೋ ನಿಲ್ಲಿಸಿ ಹಿಂಬಾಗಿಲು ಇಳಿಸಿದ.
ಮಾತಾಡಬೇಕಾಗಲಿಲ್ಲ. ಹಲಸಿನ ವಾಸನೆ
ನಮಗಿಂತ ಮುಂಚೆ ವಾರ್ಡಿನೊಳಗೆ ಹೋಗಿ
ಜನರನ್ನು ಕರೆದು ತಂದಿತ್ತು.

ರಾತ್ರಿ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ
ಹೆಬ್ಬೆರಳಲ್ಲಿ ಮೇಣ ಉಳಿದಿದೆ.
ಒತ್ತಿ ಒತ್ತಿ ನೋಡಿದೆ, ಫೋನು ತೆರೆಯುತ್ತಿಲ್ಲ,
ಈ ಬೆರಳಚ್ಚು ನನ್ನದಲ್ಲವಂತೆ.
ಇರಲಿ ಎಂದು ಹಳೆಯ ಪುಸ್ತಕ ಬಿಚ್ಚಿ
ಹಿಂದಿನ ಹಾಳೆಯಲ್ಲಿ ಬರೆದೆ:
ಎಂಟನೇ ಕ್ರಾಸ್ ಚಕ್ಕೋತ, ಮುಂದಿನ ತಿಂಗಳು.
ವಠಾರದ ಕಮರಾಕ್ಷಿ,
ಬಾಕಿ.